ಹಳೇದು ಎಲ್ಲಿಟ್ರಿ?

ಶ್ರದ್ಧಾಂಜಲಿ ಸಭೆಯಲ್ಲಿ ನಗಬಾರದು. ನಾನು ನಕ್ಕೆ. ಮೈಕಿನ ಮುಂದೆ ನಿಂತಿದ್ದ ಊರಿನ ಮುಖಂಡರೊಬ್ಬರು ನಮ್ಮ ಟೀಚರ್ ಬಗ್ಗೆ, "ಅವರು ಶಾಂತಮೂರ್ತಿ, ಎಂದೂ ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದುಬಿಟ್ಟರು. ಬೇರೆ ಯಾರಾದರೂ ಹೇಳಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆನೇನೋ. ಇದೇ ಮುಖಂಡರನ್ನು ಟೀಚರ್ ಒಮ್ಮೆ ಶಾಲೆಯ ಬಾವಿಕಟ್ಟೆಯ ಮೇಲೆ ಕೂತು, ಇಡೀ ಊರಿನೆದುರು, ಬೆವರಿಳಿಸಿ ಕಳಿಸಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಶಾಲೆಯ ಬಿಸಿಯೂಟದ ಅಡುಗೆಯವಳು ಗುಲಾಬಿ ಮೊಣಕೈಯಿಂದ ತಿವಿದು, "ಸುಮ್ನಿರಿ ಮೇಷ್ಟ್ರೆ, ಟೀಚರ್ ಫೋಟೋದಿಂದ ಇಳಿದು ಬಂದ್ರೆ ಕಷ್ಟ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ಇತ್ತು.

ಶಾಂತಮೂರ್ತಿಯಂತೆ! ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕು ಸರಿ, ಸುಳ್ಳು ಯಾಕೆ ಹೇಳಬೇಕು? ಆ ಹೆಂಗಸಿಗೆ ಒಳ್ಳೆಯ ಜಗಳ ಆಡುವುದು ಗೊತ್ತಿತ್ತು, ಅದೇ ಅವರ ದೊಡ್ಡ ಗುಣ. ಅದನ್ನು ಯಾರೂ ಹೇಳಲಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಹೊಸನಗರದಿಂದ ಸಾಗರದ ಕಡೆ ಹೋಗುವ ಬಸ್ಸಿನಲ್ಲಿ ಕೂತರೆ ಅರ್ಧ ದಾರಿಯಲ್ಲಿ ನಮ್ಮ ಹೈಸ್ಕೂಲು. ನಾನು ತೀರ್ಥಹಳ್ಳಿ ಕಡೆಯವನು, ವರ್ಗವಾಗಿ ಅಲ್ಲಿಗೆ ಕನ್ನಡ ಮೇಷ್ಟ್ರಾಗಿ ಬಂದೆ. ಅವರು ವಿಜ್ಞಾನದವರು, ನನಗಿಂತ ಮುಂಚಿನಿಂದಲೂ ಅಲ್ಲೇ ಇದ್ದವರು. ಉಳಿದ ಶಿಕ್ಷಕಿಯರನ್ನೆಲ್ಲ ಹೆಸರು ಸೇರಿಸಿ ಕರೆಯುತ್ತಿದ್ದರು. ಬರೀ 'ಟೀಚರ್' ಎಂದರೆ ಇವರು ಒಬ್ಬರೇ. ಇಲ್ಲಿಯೂ ಹಾಗೇ ಇರಲಿ. ಹೆಸರು ಹಾಕಿದ್ದರೆ, "ನನ್ನ ಹೆಸ್ರು ಯಾಕೆ ಬರ್ದ್ರಿ? ಬಾವಿ ವಿಷ್ಯ ಬರೀರಿ" ಎಂದು ಅದಕ್ಕೂ ಜಗಳ ತೆಗೆಯುತ್ತಿದ್ದರು.

ಕುಳ್ಳಗಿನ ಆಳು. ಸೆರಗಿಗೆ ಪಿನ್ನು, ಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ, ನಡಿಗೆಯಲ್ಲಿ ಯಾವಾಗಲೂ ಬಸ್ಸು ತಪ್ಪೀತೆಂಬ ಅವಸರ. ಎಲ್ಲಕ್ಕಿಂತ ಹೆಚ್ಚಾಗಿ ಅವರ ಮೂಗು! ತರಗತಿಯ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಯಾರ ಚೀಲದಲ್ಲಿ ಹಲಸಿನ ಹಣ್ಣಿದೆ, ಯಾರ ಜೇಬಿನಲ್ಲಿ ಗುಟ್ಕಾ ಇದೆ ಎಂದು ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಮೇಷ್ಟ್ರೆ, ಇವತ್ತು ಕವಳಕ್ಕೆ ಹೊಗೆಸೊಪ್ಪು ಜಾಸ್ತಿ ಹಾಕಿದೀರಿ, ಆಚೆ ಕೂತ್ಕಳಿ" ಎನ್ನುತ್ತಿದ್ದರು. ಎಷ್ಟು ಸಲ ಬಾಯಿ ತೊಳೆದು ಬಂದರೂ ಬಚಾವಾಗುತ್ತಿರಲಿಲ್ಲ.

ಅವರಿಗೆ ಇನ್ನೊಂದು ಚಟ ಇತ್ತು. ಏನೇ ಮಾಯವಾದರೂ "ಎಲ್ಲಿ ಹೋಯ್ತು?" ಎಂದು ಕೇಳುವುದು. ಮಕ್ಕಳು ತರಗತಿ ಗುಡಿಸಿ ಬಂದು ಕಸ ಹೋಯಿತು ಎಂದರೆ, "ಎಲ್ಲಿ ಹೋಯ್ತು? ನಡಿ, ತೋರ್ಸು." ಹೋಗಿ ನೋಡಿದರೆ ಕಸ ಪಕ್ಕದ ತರಗತಿಯ ಬಾಗಿಲಲ್ಲಿ ಇರುತ್ತಿತ್ತು. ನಮ್ಮ ಹೆಡ್ಮಾಸ್ಟರು ಒಮ್ಮೆ ಫೈಲು ಮುಚ್ಚಿ ನಿಟ್ಟುಸಿರುಬಿಟ್ಟು, "ಅಬ್ಬ, ಒಂದು ತಲೆನೋವು ಹೋಯ್ತು ಟೀಚರ್" ಎಂದರು. "ಯಾರ ತಲೆಗೆ ಹೋಯ್ತು ಸಾರ್?" ಎಂದರು ಇವರು. ಹೆಡ್ಮಾಸ್ಟರ್ ಪಾಪ, ಆ ಫೈಲನ್ನು ಮತ್ತೆ ತೆರೆದರು.

ಮಳೆಗಾಲ, ಚಳಿಗಾಲದಲ್ಲಿ ಶಾಲೆಗೆ ಗುಡ್ಡದ ಅಬ್ಬಿಯ, ಎಂದರೆ ಸಣ್ಣ ಝರಿಯ, ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತಿತ್ತು. ಬೇಸಿಗೆಗೆ ಅಬ್ಬಿ ಬತ್ತಿದ ಮೇಲೆ ಅಂಗಳದ ಬಾವಿಯೇ ಗತಿ. ಒಂದು ಬೇಸಿಗೆ, ಬಾವಿ ನೀರು ಶುರುವಾದ ಹೊಸತರಲ್ಲಿ, ಟೀಚರ್ ಊಟಕ್ಕೆ ಕೂತವರು ಸಾರಿನ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಹಾಗೇ ಉಳಿದರು.

"ಗುಲಾಬಿ, ಸಾರಿಗೆ ಎಂತ ಹಾಕಿದೀಯೆ?"

"ಎಂತ ಹಾಕ್ತೀನಿ ಟೀಚರ್? ಬೇಳೆ, ಉಪ್ಪು, ಹುಳಿ. ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅನ್ನಿ, ಮೂಸಿ ನೋಡೋದು ಎಂತಕ್ಕೆ?"

"ಸಾರು ಚೆನ್ನಾಗಿದೆ ಮಾರಾಯ್ತಿ. ನೀರು ಸರಿ ಇಲ್ಲ. ಇದು ಬಿ.ಎಚ್.ಸಿ. ಪುಡಿ ವಾಸನೆ."

ನಾವೆಲ್ಲ ನಕ್ಕೆವು. ಬಿ.ಎಚ್.ಸಿ. ಪುಡಿ ಎಂದರೆ ಹಿಂದೆ ಗದ್ದೆಯ ಹುಳಕ್ಕೂ ಮನೆಯ ಇರುವೆಗೂ ಎರಚುತ್ತಿದ್ದ ಬೂದುಬಣ್ಣದ ಕೀಟನಾಶಕ. ಅದು ನಿಷೇಧವಾಗಿ ಯಾವ ಕಾಲವಾಯಿತು! ಟೀಚರ್ ನಗಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಆ ಪುಡಿಯನ್ನು ಬರಿಗೈಯಲ್ಲಿ ಎರಚಿ ಬಂದು ಅದೇ ಕೈಯಲ್ಲಿ ತನ್ನ ತಲೆ ಸವರುತ್ತಿದ್ದರಂತೆ. "ಆ ಮುಗ್ಗಲು ವಾಸನೆ ನನ್ನ ಕೂದಲಲ್ಲಿ ಇತ್ತು ಮೇಷ್ಟ್ರೆ, ನಂಗೆ ಮರೆಯಲ್ಲ" ಎಂದರು. ಆ ದಿನ ಎಲ್ಲರ ತಟ್ಟೆಯ ಅನ್ನ, ಸಾರು ಎರಡನ್ನೂ ಚೆಲ್ಲಿಸಿದರು. ಮಕ್ಕಳು ಅಂಗಡಿಯಿಂದ ತರಿಸಿದ ಅವಲಕ್ಕಿಗೆ ಉಪ್ಪಿನಕಾಯಿ ಹಾಕಿಕೊಂಡು ತಿಂದರು. ಗುಲಾಬಿ ಮೂರ್ನಾಲ್ಕು ದಿನ ಟೀಚರ್ ಜೊತೆ ಮಾತು ಬಿಟ್ಟಳು.

ಬಾವಿ ನೀರು ಪರೀಕ್ಷೆಗೆ ಹೋಯಿತು, 'ಕುಡಿಯಲು ಯೋಗ್ಯ' ಎಂದು ಬಂತು. ಎಲ್ಲರೂ ಟೀಚರ್ ಮುಖ ನೋಡಿದೆವು. ಅವರು ಓದಿ, "ರೋಗಾಣು ಹುಡುಕಿದಾರೆ, ಉಪ್ಪು ಹುಡುಕಿದಾರೆ, ಕಬ್ಬಿಣ ಹುಡುಕಿದಾರೆ. ನಾನು ಕೇಳಿದ್ದನ್ನ ಹುಡುಕೇ ಇಲ್ಲ. ಹುಡುಕದೆ ಇರೋದು ಸಿಗುತ್ತಾ?" ಎಂದರು. ಗಾಜಿನ ಬಾಟಲಿ ತೊಳೆದು, ನೀರು ತುಂಬಿ, ಕಪ್ಪು ಕಾಗದ ಸುತ್ತಿ, ಮೀನಿನ ಅಂಗಡಿಯಿಂದ ಐಸು ತಂದು ಡಬ್ಬಿಯಲ್ಲಿಟ್ಟು, ಅವರೇ ಹೊತ್ತುಕೊಂಡು ಘಟ್ಟ ಇಳಿದರು. ಅಲ್ಲಿನ ದೊಡ್ಡ ಪ್ರಯೋಗಶಾಲೆಯಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಉತ್ತರ ಬಂತು. ಮೂಗು ಹೇಳಿದ್ದೇ ನಿಜವಾಗಿತ್ತು.

ಅವತ್ತೇ ಟೀಚರ್ ಬಾವಿಯ ಹಗ್ಗ ಬಿಚ್ಚಿ, ರಾಟೆಗೆ ಸರಪಳಿ ಸುತ್ತಿ ಬೀಗ ಜಡಿದರು. ಸಾರು ಚೆಲ್ಲಿದ ಮಾರನೆಯ ದಿನದಿಂದಲೇ ಮಕ್ಕಳು ಮನೆಯಿಂದ ನೀರು ತರುತ್ತಿದ್ದರು. ಊರವರು ಒಬ್ಬೊಬ್ಬರಾಗಿ ಬಂದು ಸಲಹೆ ಕೊಟ್ಟರು. ಕುದಿಸಿ ಕುಡಿದರಾಯಿತು ಎಂದರು. "ಕುದಿಸಿದ್ರೆ ಸಾಯೋಕೆ ಅದೇನು ಹುಳ ಅಲ್ಲ ಮಾರಾಯ್ರೆ." ಬ್ಲೀಚಿಂಗ್ ಪೌಡರ್ ಹಾಕಿ ಎಂದರು. "ಸಾರಿಗೆ ಇನ್ನೊಂದು ವಾಸನೆ ಸೇರುತ್ತೆ ಅಷ್ಟೆ." ಹೋಗಲಿ ಬಿಡಿ, ನಾಲ್ಕು ಮಳೆಗಾಲ ಕಳೆದರೆ ತಾನೇ ಹೋಗುತ್ತದೆ ಎಂದರು. ಆಗ ಟೀಚರ್ ಕೊಡೆಯನ್ನು ನೆಲಕ್ಕೆ ಕುಟ್ಟಿ, "ಎಲ್ಲಿ ಹೋಗುತ್ತೆ?" ಎಂದರು. "ಬಾಳೆಸಿಪ್ಪೆ ಮಣ್ಣಾಗುತ್ತೆ, ಸಗಣಿ ಗೊಬ್ಬರ ಆಗುತ್ತೆ. ಇದು ಏನೂ ಆಗಲ್ಲ, ಇದ್ದ ಹಾಗೇ ಇರುತ್ತೆ. ನಮ್ಮಪ್ಪ ಎರಚಿದ ಪುಡಿ, ನಮ್ಮಪ್ಪ ಹೋದ್ರೂ ಅದು ಹೋಗಿಲ್ಲ."

ಮುಖಂಡರು ಬಂದದ್ದು ಆಗ. ಅವರು ಒಳ್ಳೆಯ ಮನುಷ್ಯರೇ, ಎಲ್ಲವೂ ಬೇಗ ಮುಗಿಯಬೇಕು ಎನ್ನುವವರು. ಬಾವಿಗೆ ಚಪ್ಪಡಿ ಮುಚ್ಚಿ ಸಿಮೆಂಟು ಮಾಡುವುದು, ಬೇಸಿಗೆಗೆ ಟ್ಯಾಂಕರ್ ತರಿಸುವುದು ಎಂದು ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಒಂದು ಬೆಳಿಗ್ಗೆ ಚಪ್ಪಡಿ ಬಂತು, ಮರಳು ಬಂತು, ಗಾರೆ ಕೆಲಸದವರೂ ಬಂದರು. ಟೀಚರ್ ಉತ್ತರ ಪತ್ರಿಕೆಯ ಕಟ್ಟು, ಕೆಂಪು ಪೆನ್ನು, ಕೊಡೆ ತೆಗೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂತರು. ಕೊಡೆ ಬಿಡಿಸಿಕೊಂಡು ಪತ್ರಿಕೆ ತಿದ್ದತೊಡಗಿದರು.

"ಏಳಿ ಟೀಚರ್, ಕೆಲಸ ಆಗ್ಬೇಕು" ಎಂದರು ಮುಖಂಡರು.

"ನಂದೂ ಕೆಲ್ಸನೇ. ನೋಡಿ, ಇವನು ಆಮ್ಲಜನಕ ಅಂತ ಬರೆಯೋ ಕಡೆ ಅಮ್ಮಜನಕ ಅಂತ ಬರ್ದಿದಾನೆ."

"ವಿಷ ಇದೆ ಅಂದವ್ರು ನೀವೇ. ಮುಚ್ಚಬೇಡಿ ಅನ್ನೋರೂ ನೀವೇ. ಇದೆಂತ ನ್ಯಾಯ?"

"ಚಪ್ಪಡಿ ಹಾಕಿದ್ರೆ ಆ ವಿಷ ಉಸಿರು ಕಟ್ಟಿ ಸಾಯುತ್ತಾ? ಈ ನೀರು ಇಲ್ಲೇ ನಿಂತಿರೋದಲ್ಲ ಸ್ವಾಮಿ, ಕೆಳಗೆ ಹರೀತದೆ. ಕೆಳಗೆ ಯಾರ ಬಾವಿ ಇದೆ? ನಿಮ್ದೇ ಅಲ್ದಾ? ಇಲ್ಲಿ ಕಣ್ಣಿಗೆ ಕಾಣಲ್ಲ ಅಂತ ಮಾಡ್ತೀರಿ. ಎಲ್ಲಿ ಹೋಯ್ತು ಅಂತ ಕೇಳಿದ್ರೆ ನಿಮ್ಮನೆ ಅಡುಗೆ ಮನೆ ತೋರಿಸ್ಬೇಕಾಗುತ್ತೆ."

ಅಷ್ಟು ಹೊತ್ತಿಗೆ ಊರು ಸೇರಿತ್ತು. ಮುಖಂಡರ ಮುಖ ಕೆಂಪಾಯಿತು. ಊರಿಗೆ ಬಾವಿಗೇನು ಬರವೇ, ಇದೊಂದು ಬಿಟ್ಟರೆ ಏನಾಗುತ್ತದೆ, ಬೇರೆ ಕಡೆ ಇನ್ನೊಂದು ತೋಡಿದರಾಯಿತು ಎಂದು ಗೊಣಗಿದರು. ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. ಅವರ ದನಿ ಇಳಿಯಿತು. ಏರಿದ ದನಿಗಿಂತ ಆ ಇಳಿದ ದನಿಗೇ ನಾವು ಹೆಚ್ಚು ಹೆದರುತ್ತಿದ್ದೆವು.

"ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದಾಗ ನಾನು ಕೈಗೂಸು. ಏಳಿ ಅಂದ್ರು, ನಮ್ಮ ಮನೆಯೋರು ಎದ್ರು. ಗದ್ದೆ ಹೋಯ್ತು, ಮನೆ ಹೋಯ್ತು, ಬಾವಿ ಹೋಯ್ತು. ಬೇರೆ ಕಡೆ ಇನ್ನೊಂದು ತೋಡ್ಕಳಿ ಅಂದ್ರು, ತೋಡ್ಕಂಡ್ರು. ಒಂದ್ಸಲ ಎದ್ದು ಬಂದಿದೀವಿ. ಇನ್ನೊಂದ್ಸಲ ಏಳಲ್ಲ. ಈ ಬಾವಿ ಬಿಡಲ್ಲ ನಾನು. ತೊಳೀತೀನಿ."

ಗಾರೆಯವರು ಸಂಜೆಯ ತನಕ ಮರದ ನೆರಳಲ್ಲಿ ಕೂತು, ಬೀಡಿ ಸೇದಿ, ಗುಲಾಬಿ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಆ ಚಪ್ಪಡಿ ಈಗ ಶಾಲೆಯಲ್ಲಿ ಮಕ್ಕಳು ಊಟದ ತಟ್ಟೆ ತೊಳೆಯುವ ಕಲ್ಲಾಗಿದೆ.

ಮುಂದೊಂದು ಬೇಸಿಗೆ ಲಿಂಗನಮಕ್ಕಿಯ ಹಿನ್ನೀರು ತುಂಬಾ ಇಳಿದಾಗ ಟೀಚರ್ ನನ್ನನ್ನು ಕರೆದುಕೊಂಡು ಹೋಗಿ ಒಂದು ಜಾಗ ತೋರಿಸಿದ್ದರು. ಬಿರುಕುಬಿಟ್ಟ ಕೆಸರಿನ ನಡುವೆ ಕಲ್ಲಿನ ಬಾವಿಕಟ್ಟೆಯೊಂದು ತಲೆ ಎತ್ತಿ ನಿಂತಿತ್ತು. ಹಗ್ಗ ತಿಕ್ಕಿ ತಿಕ್ಕಿ ಆದ ಗೆರೆಗಳೂ ಹಾಗೇ ಇದ್ದವು. "ನಮ್ಮನೇದು" ಎಂದರು. ಕಟ್ಟೆಯ ಮೇಲೆ ಕೂತು, ಡಬ್ಬಿಯಲ್ಲಿ ತಂದಿದ್ದ ಅವಲಕ್ಕಿ ಇಬ್ಬರಿಗೂ ಹಂಚಿದರು. ಅಳುತ್ತಾರೇನೋ ಎಂದುಕೊಂಡಿದ್ದೆ. ಅಳಲಿಲ್ಲ. ಉಪ್ಪು ಕಡಿಮೆಯಾಗಿದೆ ಎಂದರು.

ಸರಿ, ಬಾವಿಗೆ ಆ ಪುಡಿ ಬಂದದ್ದು ಎಲ್ಲಿಂದ? ಶಾಲೆಯ ಮೇಲ್ಗಡೆ ದಿಬ್ಬದಲ್ಲಿ ಹಿಂದೆ ರೈತರಿಗೆ ಗೊಬ್ಬರ, ಪುಡಿ ಮಾರುವ ಸಣ್ಣ ಸಂಘವೊಂದರ ಗೋದಾಮಿತ್ತು. ಸಂಘ ಯಾವತ್ತೋ ಮುಚ್ಚಿತ್ತು, ಅದರ ಸೆಕ್ರೆಟರಿಯಾಗಿದ್ದ ಅಜ್ಜ ಮಾತ್ರ ಇನ್ನೂ ಇದ್ದರು. ಟೀಚರ್ ಅವರ ಮನೆಗೆ ಹೊರಟಾಗ, ಅಜ್ಜನ ಮೇಲೆ ಹಾರಿಬೀಳುತ್ತಾರೆ ಎಂದು ನಾನೂ ಹಿಂದೆ ಓಡಿದೆ. ಹಾರಿಬೀಳಲಿಲ್ಲ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದು, "ಅಜ್ಜ, ಉಳಿದ ಪುಡಿ ಎಲ್ಲಿ ಹೋಯ್ತು?" ಎಂದರು.

ಅಜ್ಜ ಕೋಲೆತ್ತಿ ದಿಬ್ಬದ ಕಡೆ ತೋರಿಸಿದರು. ಆಮೇಲೆ ತಮ್ಮ ಹವ್ಯಕ ಮನೆಮಾತಿನಲ್ಲೇ, "ಎಂಗೊ ಅಗಳದಲ್ಲಿ ಹುಗಿದ್ಯ ತಂಗಿ. ಮಣ್ಣು ತಿಂದ್ಕತ್ತು ಹೇಳಿ ಮಾಡಿದ್ಯ. ಹಿಂಗಾಗ್ತು ಹೇಳಿ ಯಾರಿಗೂ ಗೊತ್ತಿತ್ತಿಲ್ಲೆ" ಎಂದರು.

ಅಗಳ ಎಂದರೆ ದನ ನುಗ್ಗದಂತೆ ಜಮೀನಿನ ಸುತ್ತ ತೋಡುವ ಉದ್ದನೆಯ ಆಳದ ಕಂದಕ. ನಮ್ಮ ಕಡೆ ಯಾವ ಬೇಡದ ವಸ್ತುವಾದರೂ ಅಗಳಕ್ಕೇ ಹೋಗುವುದು. ಒಡೆದ ಮಡಕೆ, ಸತ್ತ ಕರು, ಹಳೆಯ ಚಪ್ಪಲಿ, ಎಲ್ಲಕ್ಕೂ ಅದೇ ಗತಿ. ಪುಡಿ ನಿಷೇಧವಾದಾಗ ಉಳಿದ ಚೀಲಗಳನ್ನೂ ಮಣ್ಣು ತಿಂದುಕೊಳ್ಳುತ್ತದೆ ಎಂದು ಹಾಗೇ ಅಗಳಕ್ಕೆ ಹಾಕಿ ಮಣ್ಣೆಳೆದಿದ್ದರು. ಮಳೆಗಾಲವಿಡೀ ಅಗಳದಲ್ಲಿ ನಿಂತ ನೀರು ವರ್ಷಗಟ್ಟಲೆ ನಿಧಾನವಾಗಿ ಇಂಗಿ ಕೊನೆಗೆ ಇಳಿಯುವುದು ಕೆಳಗಿನ ಬಾವಿಗೆ ಎಂದು ಯಾರೂ ಯೋಚಿಸಿರಲಿಲ್ಲ. ಅಜ್ಜ ಕೋಲೂರಿಕೊಂಡು ತಾವೇ ಬಂದು ಜಾಗ ತೋರಿಸಿದರು. ಟೀಚರ್ ಅವರ ಕೈ ಹಿಡಿದು ದಿಬ್ಬ ಹತ್ತಿಸಿದರು, ಹಿಡಿದೇ ಇಳಿಸಿದರು.

ಅರ್ಜಿ, ಫೋನು, ಮತ್ತೆ ಅರ್ಜಿ. ಟೀಚರ್ ಹೊಸನಗರದ ಯಾವ ಕಚೇರಿಯ ಮೆಟ್ಟಿಲನ್ನೂ ಬಿಡಲಿಲ್ಲ. ಕೊನೆಗೂ ಕೈಗವಸು, ಮುಖಗವಸು ಹಾಕಿಕೊಂಡವರು ಬಂದು, ಅಗಳವನ್ನು ಅಗೆದು, ಪುಡಿಯನ್ನೂ ಸುತ್ತಲಿನ ಮಣ್ಣನ್ನೂ ಡ್ರಮ್ಮುಗಳಿಗೆ ತುಂಬಿದರು. ಊರು ಚಪ್ಪಾಳೆ ತಟ್ಟಿತು. ಟೀಚರ್ ಲಾರಿಯ ಡ್ರೈವರನ ಬಳಿ ಹೋಗಿ, "ಇದು ಎಲ್ಲಿ ಹೋಗುತ್ತೆ?" ಎಂದರು. ಅವನು ಯಾವುದೋ ದೂರದ ಊರಿನ ಹೆಸರು ಹೇಳಿದ. "ಸರಿ, ನಾನೂ ಬತ್ತೀನಿ" ಎಂದು ಸೆರಗು ಸಿಕ್ಕಿಸಿ ಮುಂದಿನ ಸೀಟಿಗೆ ಹತ್ತಿಯೇಬಿಟ್ಟರು! ಹೆಡ್ಮಾಸ್ಟರ್ ಕಂಗಾಲಾಗಿ ರಜೆಗೆ ಏನು ಕಾರಣ ಬರೆಯಲಿ ಎಂದು ಕೂಗಿದರೆ, "ಕಸ ಎಲ್ಲಿ ಹೋಗುತ್ತೆ ನೋಡೋಕೆ ಅಂತ ಬರೀರಿ" ಎಂದು ಕಿಟಕಿಯಿಂದಲೇ ಕೂಗಿದರು. ಹೋಗಿ, ಅಂಥ ವಿಷವನ್ನೇ ಕಾದಿಡುವ ಜಾಗದಲ್ಲಿ ಡ್ರಮ್ಮು ಇಳಿಸಿದ್ದನ್ನು ಕಣ್ಣಾರೆ ಕಂಡು, ಮಾರನೆಯ ದಿನ ಬಸ್ಸಿನಲ್ಲಿ ಬಂದರು. ಬಂದವರು ನೇರ ಒಂಬತ್ತನೇ ತರಗತಿಗೆ ಹೋಗಿ ಪಾಠ ಮಾಡಿದರು.

ಮೂಲ ಹೋಯಿತು, ಬಾವಿಗೆ ಇಳಿದದ್ದು ಉಳಿದಿತ್ತು. ಅದಕ್ಕೆ ಇದ್ದಿಲಿನ ಫಿಲ್ಟರ್. ಮರಳಿನ ಪೀಪಾಯಿ ದಾಟಿ ಬಂದ ನೀರು ಇದ್ದಿಲಿನ ಪೀಪಾಯಿಯಲ್ಲಿ ನಿಧಾನಕ್ಕೆ ಇಳಿಯಬೇಕು. ಗುಲಾಬಿ ಮನೆಯ ಒಲೆಯ ಇದ್ದಿಲು ಬುಟ್ಟಿಯಲ್ಲಿ ತಂದಳು. ಟೀಚರ್ ಅವಳ ಬೆನ್ನು ತಟ್ಟಿ, ಇದು ಸಾಲದು, ಕಾರ್ಖಾನೆಯಲ್ಲಿ ಬಿಸಿ ಹಬೆ ಕೊಟ್ಟು ಹದ ಮಾಡಿದ ತೆಂಗಿನ ಕರಟದ ಇದ್ದಿಲೇ ಬೇಕು ಎಂದರು. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವಂತೆ, ವಿಷ ಅಲ್ಲಿ ಹೋಗಿ ಕಚ್ಚಿಕೊಳ್ಳುತ್ತದಂತೆ. ಹಳೆಯ ವಿದ್ಯಾರ್ಥಿಗಳು ಇದ್ದಿಲಿನ ಮೂಟೆ ಕಳಿಸಿಕೊಟ್ಟರು. ಸೋಸಿದ ನೀರು ಮತ್ತೆ ಗಾಜಿನ ಬಾಟಲಿಯಲ್ಲಿ ಘಟ್ಟ ಇಳಿಯಿತು. ಪರವಾಗಿಲ್ಲ, ಕುಡಿಯಬಹುದು ಎಂದು ಬಂತು. ಅವತ್ತು ಟೀಚರ್ ರಾಟೆಯ ಬೀಗ ತೆಗೆದು, ಸೋಸಿದ ಮೊದಲ ಲೋಟ ತಾವೇ ಕುಡಿದು, ಎರಡನೆಯದನ್ನು ನನಗೆ ಕೊಟ್ಟರು. ನೀರಿನ ರುಚಿ ನನಗೆ ಗೊತ್ತಾದದ್ದು ಅವತ್ತು.

ಇದ್ದಿಲಿಗೂ ಒಂದು ಮಿತಿ ಇದೆ. ಹೊಟ್ಟೆ ತುಂಬಿದ ಮೇಲೆ ಅದು ಏನನ್ನೂ ಹಿಡಿಯುವುದಿಲ್ಲ, ಬದಲಾಯಿಸಬೇಕು. ಮೊದಲ ಸಲ ಬದಲಾಯಿಸಿದಾಗ ಹಳೆಯ ಇದ್ದಿಲನ್ನು ಬೀಗದ ಡ್ರಮ್ಮಿಗೆ ಹಾಕಿಡಿ ಎಂದು ಟೀಚರ್ ಗುಲಾಬಿಗೂ ಮಕ್ಕಳಿಗೂ ಹೇಳಿ ತರಗತಿಗೆ ಹೋದರು. ಸಂಜೆ ಬಂದು ನೋಡಿದರೆ ಡ್ರಮ್ಮು ಖಾಲಿ.

"ಹಳೇದು ಎಲ್ಲಿ?"

ಟೀಚರ್ ಮೂಗೆತ್ತಿ ನಿಂತರು. ಮರುಕ್ಷಣ ಕೊಡೆಯನ್ನೂ ಬಿಟ್ಟು ಶಾಲೆಯ ಬೆನ್ನಿಗೇ ಇದ್ದ ಗುಲಾಬಿಯ ಮನೆಯ ಕಡೆ ಓಡಿದರು. ನಾನೂ ಹಿಂದೆ.

ಗುಲಾಬಿಯ ಮಗಳು ಹೆರಿಗೆಗೆ ತವರಿಗೆ ಬಂದವಳು, ಹಸಿ ಬಾಣಂತಿ. ನಮ್ಮ ಕಡೆ ಬಚ್ಚಲ ಒಲೆ ತಿನ್ನದ ವಸ್ತುವಿಲ್ಲ. ಸೋಗೆ, ಸಿಪ್ಪೆ, ಮುರಿದ ಕುರ್ಚಿಯ ಕಾಲು, ಉರಿಯುವುದೆಲ್ಲ ಅದರ ಬಾಯಿಗೇ. ಇಷ್ಟು ಒಳ್ಳೆಯ ಇದ್ದಿಲನ್ನು ಸುಮ್ಮನೆ ಮುಚ್ಚಿಡುತ್ತಾರಲ್ಲ ಎಂದು ಗುಲಾಬಿಗೆ ಹೊಟ್ಟೆ ಉರಿದಿತ್ತು. ಬುಟ್ಟಿಯಲ್ಲಿ ಮನೆಗೆ ತಂದು, ಬಿಸಿಲಿಗೆ ಹರವಿ, ಬಾಣಂತಿಯ ಸ್ನಾನದ ಹಂಡೆಯ ಕೆಳಗೆ ಹಾಕಿದ್ದಳು. ಬಚ್ಚಲು ಹೊಗೆಯಾಡುತ್ತಿತ್ತು, ಪಕ್ಕದ ಕೋಣೆಯಲ್ಲಿ ಮಗು ಮಲಗಿತ್ತು. ಟೀಚರ್ ಒಳಗೆ ನುಗ್ಗಿದವರೇ, ತಾಯಿ ಮಗುವನ್ನು ಹೊರಗೆ ಕಳಿಸಿ, ಹಂಡೆಯ ನೀರನ್ನು ಚೊಂಬುಚೊಂಬಾಗಿ ಒಲೆಯ ಬಾಯಿಗೆ ಸುರಿದರು.

"ಅಯ್ಯೋ ಬಾಣಂತಿ ನೀರು! ನಿಮ್ಗೇನು ತಲೆ ಕೆಟ್ಟಿದೆಯಾ?" ಎಂದು ಗುಲಾಬಿ ಕಿರುಚಿದಳು.

"ಕೆಟ್ಟಿದೆ! ಆ ಬಾವಿಯಿಂದ ಬಾಚಿ ಬಾಚಿ ಇದ್ದಿಲಿಗೆ ತುಂಬಿದ್ದು ಈ ಹೊಗೇಲಿ ನಿನ್ನ ಮೊಮ್ಮಗನ ಮೂಗಿಗೆ ಹೋಗೋಕಲ್ಲ ಕಣೇ!"

ಗುಲಾಬಿ ಹೊರಗೆ ಓಡಿ, ಮಗುವಿನ ಮೂಗನ್ನು ಸೆರಗಿನಿಂದ ಒರೆಸತೊಡಗಿದಳು. ಟೀಚರ್ ಬೈಯಲಿಲ್ಲ. ಒದ್ದೆ ಇದ್ದಿಲು, ಬೂದಿ ಎಲ್ಲ ಬಾಚಿ ಬುಟ್ಟಿಗೆ ತುಂಬಿ, ಒಲೆ ತೊಳೆದು, ಸೌದೆ ಉರಿಹಾಕಿ, ಬೇರೆ ನೀರು ಕಾಯಿಸಿದರು. ಕೆಮ್ಮುತ್ತಾ ಊದುಗೊಳವೆ ಊದುತ್ತಿದ್ದ ಅವರ ಮುಖವೆಲ್ಲ ಮಸಿಯಾಗಿತ್ತು. ನೀರು ಕಾದ ಮೇಲೆ ಬಾಣಂತಿಗೆ ಅವರೇ ನೀರು ಹಾಕಿ, ಮಗುವಿನ ಕಾಲು ಹಿಡಿದು ಮುದ್ದು ಮಾಡಿ ಹೊರಟರು. ಬಾಗಿಲಲ್ಲಿ ಗುಲಾಬಿಗೆ ಅಂದದ್ದು ಇಷ್ಟೇ: "ತಪ್ಪು ನಂದೇ. ಹಾಕಿಡಿ ಅಂದೆ, ಯಾಕೆ ಅಂತ ಹೇಳಿರ್ಲಿಲ್ಲ."

ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತಯಾರಾಗಿತ್ತು. ಟೀಚರ್ ಮೈಕಿನ ಮುಂದೆ ನಿಂತು, "ಹಾರ ಆಮೇಲೆ. ಇನ್ಮುಂದೆ ಇದ್ದಿಲು ಬದ್ಲಾಯ್ಸೋರು ಯಾರು, ಕೈಯೆತ್ತಿ" ಎಂದರು. ಮುಖಂಡರು ಚಾವಣಿ ನೋಡಿದರು. ಹಿಂದಿನ ಸಾಲಿನಿಂದ ಗುಲಾಬಿ ಎದ್ದು, "ನಾನು" ಎಂದಳು. ನಾನೂ ಕೈಯೆತ್ತಿದೆ. ಟೀಚರ್ ಡ್ರಮ್ಮಿನ ಬೀಗದ ಕೈಯನ್ನು ಗುಲಾಬಿಗೆ ಕೊಟ್ಟು, ಆಮೇಲೆ ಕೊರಳೊಡ್ಡಿದರು.

ಸಾಗರದಲ್ಲಿದ್ದ ತಂಗಿಯ ಮನೆ ಸೇರಿದ ಮೇಲೂ, ಇದ್ದಿಲು ಬದಲಾಯಿಸುವ ದಿನ ತಪ್ಪದೆ ಬಸ್ಸಿಳಿದು ಬರುತ್ತಿದ್ದರು. ಡ್ರಮ್ಮಿನ ಮುಚ್ಚಳ ಎತ್ತಿಸಿ ನೋಡುತ್ತಿದ್ದರು. ತುಂಬಿದ ಡ್ರಮ್ಮು ಲಾರಿ ಹತ್ತುವಾಗ ಡ್ರೈವರನಿಗೆ ಅದೇ ಪ್ರಶ್ನೆ. ಕಾಯಿಲೆ ಬಿದ್ದಾಗ, ಆ ಬಾವಿ ನೀರಿನಿಂದಲೇ ಹೀಗಾಯಿತು ಎಂದು ಯಾರೋ ಅಂದರಂತೆ. "ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ಬೇಡಿ. ನಂಗೆ ವಯಸ್ಸಾಗಿದೆ" ಎಂದು ಹಾಸಿಗೆಯಿಂದಲೇ ಗದರಿದರಂತೆ.

ಕೊನೆಯ ದಿನ ತಂಗಿ ಫೋನು ಮಾಡಿ, "ಬಾವಿ ನೀರು ಬೇಕಂತೆ ಅಕ್ಕಂಗೆ" ಎಂದರು. ನಾನೂ ಗುಲಾಬಿಯೂ ಸೋಸಿದ ನೀರನ್ನು ಸ್ಟೀಲಿನ ಚೊಂಬಿನಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದೆವು. ಹೋದಾಗ ಮಧ್ಯಾಹ್ನ. ಬಂಧುಗಳು ಸೇರಿದ್ದರು. ತಲೆದೆಸೆಯಲ್ಲಿ ಬಾಯಿಗೆ ಬಿಡಲೆಂದು ಗಂಗಾಜಲದ ಗಿಂಡಿಯ ಬೆಸುಗೆ ಒಡೆದಿಟ್ಟಿದ್ದರು. ಅದನ್ನು ತಂದಾಗ ಟೀಚರ್ ತುಟಿ ಬಿಗಿಹಿಡಿದು ಮುಖ ತಿರುಗಿಸಿದ್ದರಂತೆ. ತೀರಾ ಇಳಿದುಹೋಗಿದ್ದರು. ಆ ಮೂಗು ಮಾತ್ರ ಹಾಗೇ ಇತ್ತು.

ಗುಲಾಬಿ ಚೊಂಬಿನಿಂದ ಚಮಚಕ್ಕೆ ನೀರು ಹಾಕಿ ತುಟಿಯ ಹತ್ತಿರ ಹಿಡಿದಳು. "ಟೀಚರ್, ನಮ್ ಬಾವೀದು."

ತುಟಿ ತೆರೆಯಲಿಲ್ಲ. ಕಣ್ಣು ತೆರೆಯಿತು. "ಇದ್ದಿಲು?"

"ಮೊನ್ನೆ ಬದ್ಲಾಯ್ಸಿದೀವಿ" ಎಂದೆ ನಾನು.

ಆದರೂ ತುಟಿ ಬಿಗಿಯಾಗೇ ಇತ್ತು. ಬಂಧುಗಳು, ಯಾಕಮ್ಮ ಹಟ, ಕುಡೀರಿ ಎನ್ನುತ್ತಿದ್ದರು. ಟೀಚರ್ ಯಾರ ಕಡೆಯೂ ನೋಡದೆ ಗುಲಾಬಿಯನ್ನೇ ನೋಡಿದರು. ದನಿ ಬರೀ ಗಾಳಿಯಾಗಿತ್ತು.

"ಹಳೇದು... ಎಲ್ಲಿಟ್ರಿ?"

ಗುಲಾಬಿ ಚಮಚವನ್ನು ನನ್ನ ಕೈಗೆ ಕೊಟ್ಟಳು. ಕೊರಳಿನ ತಾಳಿಸರವನ್ನು ಎಳೆದು, ಅದಕ್ಕೆ ಪೋಣಿಸಿಕೊಂಡಿದ್ದ ಡ್ರಮ್ಮಿನ ಬೀಗದ ಕೈಯನ್ನು ಟೀಚರ್ ಕಣ್ಣೆದುರು ಹಿಡಿದಳು.

ಟೀಚರ್ ಅದನ್ನು ನೋಡಿದರು. ಆಮೇಲೆ ಬಾಯಿ ತೆರೆದರು.